ಡಿಗ್ರಿ ಆಗಿದೆ, ಓದಿದ್ದು ಅರ್ಥ ಆಗಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿಮೂರು ವರ್ಷ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿದೆ. ಈಗ ಧಾರವಾಡದಲ್ಲಿ ಸಂಜೆ ಹೊತ್ತು, ಪದವಿ ಮುಗಿಸಿದವರಿಗೆ ಓದುವುದನ್ನು ಹೇಳಿಕೊಡುತ್ತೇನೆ. "ಡಿಗ್ರಿ ಆದವರಿಗೆ ಓದೋದು ಕಲಿಸ್ತೀರಾ?" ಎಂದು ನಗುವವರಿದ್ದಾರೆ. ನಗಲಿ. ಬರುವವರು ಬಿಎ, ಬಿಕಾಂ, ಬಿಇ ಆದವರು, ಒಮ್ಮೊಮ್ಮೆ ಎಂಎ ಆದವರು. ಮೊದಲ ದಿನ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಮಾತು: "ಓದೇನ್ರಿ ಸರ, ಆದ್ರ ತಿಳೀವಲ್ದು." ಅವರು, ಅವರ ಮನೆಯವರು, ಅವರನ್ನು ಕೆಲಸಕ್ಕೆ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಡಿಗ್ರಿ ಪಾಸಾದವರಿಗೆ ಓದಲು ಬರಲ್ಲ ಅಂದರೆ ಏನು? ಅಕ್ಷರ ಬರಲ್ವಾ?

ಅಕ್ಷರ ಚೆನ್ನಾಗಿಯೇ ಬರುತ್ತದೆ. ಗಟ್ಟಿಯಾಗಿ ಓದಿ ಅಂದರೆ ಎಲ್ಲೂ ತಡವರಿಸದೆ ಓದುತ್ತಾರೆ. ಮುಗಿದ ಮೇಲೆ "ಏನು ಹೇಳಿದ್ದಾರೆ ಇದರಲ್ಲಿ?" ಎಂದು ಕೇಳಿ. ಕಣ್ಣು ಮತ್ತೆ ಹಾಳೆಯ ಮೇಲೆ ಓಡುತ್ತದೆ, ಅಲ್ಲಿಂದ ಒಂದು ಸಾಲು ಎತ್ತಿ ಹಾಗೇ ಓದಿಬಿಡುತ್ತಾರೆ. ಅದೇ ಅವರ ಉತ್ತರ.

ಕನ್ನಡದಲ್ಲಿ ಈ ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮದು ಬರೆದಂತೆ ಓದುವ ಲಿಪಿ. ಕಾಗುಣಿತ, ಒತ್ತಕ್ಷರ ಒಮ್ಮೆ ಕೈಗೆ ಹತ್ತಿದರೆ ಜನ್ಮದಲ್ಲಿ ಕೇಳದ ಪದವನ್ನೂ ಸರಿಯಾಗಿ ಉಚ್ಚರಿಸಬಹುದು. 'ಪ್ರತ್ಯಾಯೋಜನೆ' ಎಂದು ಸ್ಪಷ್ಟವಾಗಿ ಓದಿದ ಹುಡುಗಿಗೆ ಅದರ ಅರ್ಥ ಗೊತ್ತಿದೆ ಅಂದುಕೊಂಡರೆ ಮೋಸ ಹೋದಿರಿ.

ಗಾಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲೇ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ತಿಳಿಯುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದು. ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ.

ಇನ್ನೊಂದು ತಮಾಷೆ ನಮ್ಮ ಭಾಷೆಯಲ್ಲೇ ಇದೆ. "ಏನ್ ಓದಿದೀಯಪ್ಪಾ?" ಎಂದು ಹಿರಿಯರು ಕೇಳಿದರೆ ಯಾರೂ ಪುಸ್ತಕದ ಹೆಸರು ಹೇಳುವುದಿಲ್ಲ, "ಬಿಕಾಂ" ಅನ್ನುತ್ತಾರೆ. ಪದವಿಗೂ ಓದು ಅನ್ನುತ್ತೇವೆ, ಪುಟ ಬಿಡಿಸಿ ನೋಡುವುದಕ್ಕೂ ಓದು ಅನ್ನುತ್ತೇವೆ. ಮೊದಲನೆಯದು ಆಗಿದ್ದರೆ ಎರಡನೆಯದೂ ಆಗಿರುತ್ತದೆ ಎಂದು ನಂಬಿಕೊಂಡು ಕೂತಿದ್ದೇವೆ.

ಇದು ಅಷ್ಟು ದೊಡ್ಡ ಸಮಸ್ಯೆನಾ? ನಾಲ್ಕು ಜನರನ್ನು ನೋಡಿ ಹೇಳ್ತಿಲ್ಲ ತಾನೆ?

ಪ್ರಥಮ್ ಸಂಸ್ಥೆಯವರು 'ಅಸರ್' ಎಂಬ ಸಮೀಕ್ಷೆ ಮಾಡುತ್ತಾರೆ. 2023ರಲ್ಲಿ 14ರಿಂದ 18 ವಯಸ್ಸಿನ ಹಳ್ಳಿಯ ಹುಡುಗ ಹುಡುಗಿಯರನ್ನು ನೋಡಿದರು. 28 ಜಿಲ್ಲೆ, 34,745 ಮಂದಿ. ಹೆಚ್ಚಿನವರು ಶಾಲೆಗೋ ಕಾಲೇಜಿಗೋ ಹೋಗುತ್ತಿದ್ದವರೇ. ಅವರಲ್ಲಿ ಸುಮಾರು ಕಾಲು ಭಾಗದವರಿಗೆ ತಮ್ಮ ಭಾಷೆಯ 2ನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಆಗಲಿಲ್ಲ.

ನನಗೆ ಹೆಚ್ಚು ನಾಟಿದ್ದು ಅದೇ ಸಮೀಕ್ಷೆಯ ಇನ್ನೊಂದು ಪರೀಕ್ಷೆ. ಭೇದಿಯಾದಾಗ ನೀರಿಗೆ ಕಲಸಿ ಕುಡಿಯುವ ಓಆರ್‌ಎಸ್ ಪೊಟ್ಟಣ ಇದೆಯಲ್ಲ, ಅದರ ಮೇಲಿನ ಸೂಚನೆ ಓದಿಸಿ ನಾಲ್ಕು ಪ್ರಶ್ನೆ ಕೇಳಿದರು. ಓದಲು ಬರುವವರಿಗೇ ಕೇಳಿದ್ದು. ನಾಲ್ಕರಲ್ಲಿ ಮೂರಕ್ಕಾದರೂ ಸರಿ ಉತ್ತರ ಹೇಳಿದವರು ಸುಮಾರು ಮೂರರಲ್ಲಿ ಎರಡು ಪಾಲು. ಉಳಿದ ಒಂದು ಪಾಲಿನವರೂ ಅದೇ ಪೊಟ್ಟಣ ಓದಿದ್ದರು.

ಈ ವಯಸ್ಸಿನವರೇ ಮುಂದಿನ ಮೂರ್ನಾಲ್ಕು ವರ್ಷದಲ್ಲಿ ಘಟಿಕೋತ್ಸವದ ಗೌನು ಹಾಕಿಕೊಂಡು ಫೋಟೋಗೆ ನಿಲ್ಲುವವರು.

ನಮ್ಮಲ್ಲಿ ಮಾತ್ರ ಅಂತಲೂ ಅಲ್ಲ. ಅಮೆರಿಕದಲ್ಲಿ ಸರ್ಕಾರವೇ ದೊಡ್ಡವರ ಓದನ್ನು ಅಳೆದಿತ್ತು. ಕಷ್ಟದ ಗದ್ಯವನ್ನು ಚೆನ್ನಾಗಿ ಓದಿ ಅರ್ಥ ಮಾಡಿಕೊಳ್ಳುವ ಪದವೀಧರರು 1992ರಲ್ಲಿ ನೂರಕ್ಕೆ 40 ಜನ ಇದ್ದರು. 2003ರಲ್ಲಿ 31ಕ್ಕೆ ಇಳಿದರು.

ನನಗೂ ಈ ತೊಂದರೆ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಮೊದಲ ದಿನ ನಾನು ಕೊಡುವ ತುಣುಕನ್ನೇ ಕೊಡುತ್ತೇನೆ. ಸಾಮಾನ್ಯ ಕನ್ನಡ, ಒಂದೂ ಕಷ್ಟದ ಪದ ಇಲ್ಲ.

"ಕೆರೆ ತುಂಬಿದ ವರ್ಷ ನಮ್ಮೂರಲ್ಲಿ ಭತ್ತ ಹಾಕುತ್ತಾರೆ, ಇಲ್ಲದ ವರ್ಷ ರಾಗಿ. ಹೋದ ವರ್ಷ ಊರೆಲ್ಲ ರಾಗಿ ಬಿತ್ತಿತು. ಕೆರೆ ಕೆಳಗಿನ ಇಬ್ಬರು ಮಾತ್ರ ಹಳೇ ಹಟ ಬಿಡದೆ, ಆಮೇಲೆ ಟ್ಯಾಂಕರಿಗೆ ದುಡ್ಡು ಸುರಿದರು."

ಪ್ರಶ್ನೆ ಮೂರೇ. ಹೋದ ವರ್ಷ ಕೆರೆ ತುಂಬಿತ್ತಾ? ಆ ಇಬ್ಬರು ಏನು ಹಾಕಿದರು? ಬರೆದವರಿಗೆ ಆ ಇಬ್ಬರ ಬಗ್ಗೆ ಏನನ್ನಿಸುತ್ತದೆ?

ಮೊದಲ ಪ್ರಶ್ನೆಗೆ ಜಾಸ್ತಿ ಜನ ಕೊಡುವ ಉತ್ತರ: "ಕೆರೆ ತುಂಬಿದ ವರ್ಷ ಭತ್ತ ಹಾಕುತ್ತಾರೆ." ಪ್ರಶ್ನೆಯಲ್ಲಿ 'ಕೆರೆ', 'ತುಂಬು' ಎಂಬ ಪದಗಳಿದ್ದವು. ತುಣುಕಿನಲ್ಲಿ ಆ ಪದಗಳಿರುವ ಸಾಲು ಹುಡುಕಿದರು, ಸಿಕ್ಕಿತು, ಒಪ್ಪಿಸಿದರು. ಎರಡನೆಯದಕ್ಕೆ "ಕೊಟ್ಟಿಲ್ಲ ಸರ್" ಅನ್ನುತ್ತಾರೆ. 'ಭತ್ತ' ಎಂಬ ಪದ ಆ ಸಾಲಿನಲ್ಲಿ ನಿಜಕ್ಕೂ ಇಲ್ಲ. ಹಳೇ ಹಟ ಅಂದರೆ ಯಾವ ಹಟ, ಟ್ಯಾಂಕರ್ ಯಾಕೆ ಬೇಕಾಯಿತು ಎಂದು ಎರಡನ್ನು ಸೇರಿಸಿದರೆ ಮಾತ್ರ ಭತ್ತ ಕಾಣುತ್ತದೆ. ಮೂರನೆಯ ಪ್ರಶ್ನೆಗೆ ಅರ್ಧ ತರಗತಿ ನನ್ನ ಮುಖ ನೋಡುತ್ತದೆ. ಬರೆದವರಿಗೂ ಒಂದು ಅಭಿಪ್ರಾಯ ಇರುತ್ತದೆ, ಅದು 'ಹಟ', 'ಸುರಿದರು' ಅಂಥ ಪದಗಳಲ್ಲಿ ಕೂತಿರುತ್ತದೆ ಎಂದು ಅವರಿಗೆ ಯಾರೂ ಹೇಳಿಯೇ ಇಲ್ಲ.

ಒಂದು ಮಾತು ಹೇಳಲೇಬೇಕು. ಇದೇ ಸಂಗತಿಯನ್ನು ಬಾಯಲ್ಲಿ ಹೇಳಿ, "ಅವರಿಬ್ಬರು ಏನು ಹಾಕಿದ್ರಂತೆ?" ಎಂದು ಕೇಳಿದರೆ "ಭತ್ತ ರೀ, ಮತ್ತೇನು" ಎಂದು ತಟ್ಟನೆ ಉತ್ತರ ಬರುತ್ತದೆ. ಬುದ್ಧಿಗೇನೂ ಕಡಿಮೆ ಇಲ್ಲ. ಹಾಳೆ ಕೈಗೆ ಬಂದ ಕೂಡಲೇ ಆ ಬುದ್ಧಿಯನ್ನು ಪಕ್ಕಕ್ಕಿಡುವ ಅಭ್ಯಾಸ ಆಗಿದೆ.

ನಾನು 78 ಪರ್ಸೆಂಟ್ ತೆಗೆದಿದ್ದೇನೆ. ಅರ್ಥ ಆಗದೆ ಅಷ್ಟು ಮಾರ್ಕ್ಸ್ ಬರುತ್ತಾ?

ಬರುತ್ತದೆ. ಹೇಗೆ ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಹಾಕಿದವನೇ ನಾನು.

ಹತ್ತನೇ ತರಗತಿಯಿಂದ ಶುರು ಮಾಡೋಣ. ಪರೀಕ್ಷೆ ಹತ್ತಿರ ಬಂದಾಗ 'ಪಾಸಿಂಗ್ ಪ್ಯಾಕೇಜ್' ಎಂಬ ಕೆಲವು ಹಾಳೆ ಕೈಗೆ ಬರುತ್ತದೆ. ಇಷ್ಟು ಬಾಯಿಪಾಠ ಮಾಡಿದರೆ ಪಾಸು. ಪಿಯುಸಿಯಲ್ಲಿ ನೀಲನಕ್ಷೆ ನೋಡಿಕೊಂಡು ಯಾವ ಅಧ್ಯಾಯಕ್ಕೆ ಎಷ್ಟು ಅಂಕ, ಯಾವುದನ್ನು ಬಿಡಬಹುದು ಎಂಬ ಲೆಕ್ಕ. ಡಿಗ್ರಿಗೆ ಬಂದ ಮೇಲೆ ಪಠ್ಯಪುಸ್ತಕ ಎಂಬುದೇ ಮಾಯ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸೀನಿಯರ್‌ಗಳ ನೋಟ್ಸ್, ಐದು ವರ್ಷದ ಹಳೇ ಪ್ರಶ್ನೆಪತ್ರಿಕೆ, 'ಇಂಪಾರ್ಟೆಂಟ್ ಕ್ವಶ್ಚನ್ಸ್' ಎಲ್ಲ ಸ್ಪೈರಲ್ ಬೈಂಡಿಂಗ್ ಆಗಿ ತಯಾರಿರುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಸಾಕು.

ಇನ್ನು ಮೌಲ್ಯಮಾಪನ. ಕೈಯಲ್ಲಿ 'ಸ್ಕೀಮ್' ಇರುತ್ತದೆ: ಇಷ್ಟು ಪಾಯಿಂಟಿಗೆ ಇಷ್ಟು ಅಂಕ. ಒಂದರ ಹಿಂದೆ ಒಂದು ಉತ್ತರಪತ್ರಿಕೆ ತಿರುವುವವನು ವಾಕ್ಯ ಓದುವುದಿಲ್ಲ, ಅಡಿಗೆರೆ ಹಾಕಿದ ಪದ ಹುಡುಕುತ್ತಾನೆ. ವಿದ್ಯಾರ್ಥಿಗೂ ಇದು ಗೊತ್ತು, ಅದಕ್ಕೇ ಅಡಿಗೆರೆ ಹಾಕುತ್ತಾನೆ. ಅವನು ಓದದೆ ಬರೆದ, ನಾನು ಓದದೆ ಅಂಕ ಕೊಟ್ಟೆ. ಇಬ್ಬರೂ ಮನೆಗೆ ಹೋದೆವು.

ನೋಟ್ಸ್ ಬರೆಸಿದವನೂ ನಾನೇ. "ಸರ್, ಟೆಕ್ಸ್ಟ್ ಬೇಡ, ನೀವೇ ನೋಟ್ಸ್ ಕೊಡಿ" ಅಂದರೆ ಏನೋ ಹೆಮ್ಮೆ ಅನ್ನಿಸುತ್ತಿತ್ತು. ಗಮಕ ಕೇಳಿದವರಿಗೆ ಗೊತ್ತಿರುತ್ತದೆ. ಅಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಕೇಳುವವರಿಗೆ ಎರಡೂ ಸಿಗುತ್ತವೆ, ಚೆಂದ. ನಾವು ಕಾಲೇಜಿನಲ್ಲಿ ಮಾಡಿದ್ದು ಬೇರೆ. ವ್ಯಾಖ್ಯಾನವನ್ನೇ ಬರೆಸಿ, ಅದನ್ನೇ ವಾಚನ ಮಾಡಿಸಿ, ಮೂಲ ಪದ್ಯವನ್ನು ಅಟ್ಟಕ್ಕೆ ಹಾಕಿದೆವು. ಮೂರು ವರ್ಷದಲ್ಲಿ ಒಂದು ದಿನವೂ ವಿದ್ಯಾರ್ಥಿ ಮತ್ತು ಪುಟ, ಇವರಿಬ್ಬರೇ ಎದುರುಬದುರಾಗಿ ಕೂರಲಿಲ್ಲ.

ಹಾಗಾಗಿ ನಿಮ್ಮ 78 ಸುಳ್ಳಲ್ಲ. ನೆನಪಿಗೆ ಬಿದ್ದ ಅಂಕ ಅದು.

ಕನ್ನಡ ಮೀಡಿಯಂನಲ್ಲಿ ಓದಿದ್ದಕ್ಕೆ ಹೀಗಾಯ್ತಾ?

ಕನ್ನಡದಲ್ಲಿ ಓದಿದ್ದರಿಂದಲ್ಲ, ನಡುವೆ ಕತ್ತರಿ ಬಿದ್ದದ್ದರಿಂದ. ಹತ್ತನೆಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಹುಡುಗ ಜೂನ್ ತಿಂಗಳಲ್ಲಿ ಪಿಯುಸಿ ಸೈನ್ಸಿಗೆ ಸೇರುತ್ತಾನೆ. 'ದ್ಯುತಿಸಂಶ್ಲೇಷಣೆ' ಗೊತ್ತಿದ್ದವನಿಗೆ 'ಫೋಟೋಸಿಂಥಸಿಸ್' ಎದುರಾಗುತ್ತದೆ. ಆ ಒಂದು ಪದ ಹೇಗೋ ಕಲಿಯಬಹುದು. ಅದರ ಸುತ್ತ ಇರುವ 'ವೇರ್ ಆ್ಯಸ್', 'ದೇರ್ ಬೈ', 'ಅನ್‌ಲೆಸ್' ಇವನ್ನು ಯಾರು ಕಲಿಸಿದರು?

ಹೂ ಮತ್ತು ನೇಷನ್ ಎಂಬ ಸಂಶೋಧಕರು 2000ದಲ್ಲಿ ಒಂದು ಲೆಕ್ಕ ಕೊಟ್ಟರು. ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಬೇಕಾದರೆ ಪುಟದಲ್ಲಿನ ಪದಗಳಲ್ಲಿ ನೂರಕ್ಕೆ 98 ಗೊತ್ತಿರಬೇಕು. ನೂರಕ್ಕೆ 80 ಮಾತ್ರ ಗೊತ್ತಿದ್ದವರಲ್ಲಿ ಒಬ್ಬರಿಗೂ ಸಾಕಷ್ಟು ಅರ್ಥವಾಗಲಿಲ್ಲ. ಪರೀಕ್ಷೆಯಲ್ಲಾದರೆ 80 ಅಂದರೆ ಡಿಸ್ಟಿಂಕ್ಷನ್. ಓದಿನಲ್ಲಿ ಅದೇ 80 ಅಂದರೆ ಐದು ಪದಕ್ಕೊಂದು ಗುಂಡಿ. ಅಂಥ ರಸ್ತೆಯಲ್ಲಿ ಎಷ್ಟು ದೂರ ಹೋಗ್ತೀರಿ? ಹುಡುಗ ಒಂದು ವಾರ ಪ್ರಯತ್ನಪಟ್ಟು, ಆಮೇಲೆ ಗೈಡ್ ಕೊಳ್ಳುತ್ತಾನೆ. ನಾನಾದರೂ ಕೊಳ್ಳುತ್ತಿದ್ದೆ.

ಹಾಗಾದರೆ ಇಂಗ್ಲಿಷ್ ಮೀಡಿಯಂನವರಿಗೆ ಈ ತೊಂದರೆ ಇಲ್ಲ ಅಲ್ವಾ?

ಇದೆ. ಅವರು ಅದನ್ನು ಒಳ್ಳೆಯ ಉಚ್ಚಾರಣೆಯಲ್ಲಿ ಮುಚ್ಚುತ್ತಾರೆ, ಅಷ್ಟೇ. ಮೇಲಿನ ಕೆರೆಯ ತುಣುಕನ್ನು ಇಂಗ್ಲಿಷಿನಲ್ಲಿ ಕೊಟ್ಟು ನೋಡಿದ್ದೇನೆ. ಉತ್ತರಗಳು ಹೆಚ್ಚುಕಡಿಮೆ ಅವೇ. ಜೊತೆಗೆ ಕನ್ನಡ ಪತ್ರಿಕೆಯನ್ನೂ ಓದಲಾಗದವರು ಇವರಲ್ಲಿ ಜಾಸ್ತಿ. ಒಂದು ಭಾಷೆಯಲ್ಲಾದರೂ ಆಳವಾಗಿ ಓದಿದವನು ಆ ಚಾಳಿಯನ್ನು ಇನ್ನೊಂದಕ್ಕೂ ಒಯ್ಯುತ್ತಾನೆ. ಎರಡರಲ್ಲೂ ದಡದಲ್ಲೇ ನಿಂತವನು ಏನನ್ನು ಒಯ್ಯಬೇಕು?

ಸರ್ಕಾರಿ ನೋಟಿಫಿಕೇಷನ್ ಕನ್ನಡದಲ್ಲೇ ಇದ್ದರೂ ಯಾಕೆ ಅರ್ಥ ಆಗಲ್ಲ?

ಎರಡು ಕಾರಣ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ: 'ಸದರಿ', 'ಮೇಲ್ಕಂಡ', 'ದೃಢೀಕೃತ ನಕಲು', 'ತತ್ಸಂಬಂಧವಾಗಿ'. ಈ ಪದಗಳನ್ನು ಮನೆಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಯಾರೂ ಆಡುವುದಿಲ್ಲ. ಇಂಥವನ್ನು ಒಂದೈವತ್ತು ಪಟ್ಟಿ ಮಾಡಿ ಕಲಿತರೆ ಮುಗಿಯಿತು, ಅವೇ ತಿರುಗಿ ತಿರುಗಿ ಬರುತ್ತವೆ.

ಎರಡನೆಯದು ಸೂಕ್ಷ್ಮ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, 'ಅಲ್ಲ', 'ಇಲ್ಲ' ಅದರ ಬಾಲಕ್ಕೆ ಅಂಟಿಕೊಳ್ಳುತ್ತದೆ. ಈ ವಾಕ್ಯ ನೋಡಿ: "ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಿದ ಅಭ್ಯರ್ಥಿಗಳು ತಮ್ಮ ಶೈಕ್ಷಣಿಕ ಅರ್ಹತೆಗೆ ಸಂಬಂಧಿಸಿದ ಮೂಲ ಅಂಕಪಟ್ಟಿ ಹಾಗೂ ಪ್ರಮಾಣಪತ್ರಗಳನ್ನು, ಪರಿಶೀಲನೆಗೆ ಕರೆದ ಹೊರತು, ಕಚೇರಿಗೆ ಕಳುಹಿಸತಕ್ಕದ್ದಲ್ಲ." ಇಪ್ಪತ್ತಕ್ಕೆ ಎರಡು ಕಡಿಮೆ ಪದ. 'ಮೂಲ ಅಂಕಪಟ್ಟಿ', 'ಕಚೇರಿಗೆ ಕಳುಹಿಸ...' ಎನ್ನುವಷ್ಟರಲ್ಲಿ ಓದುವವನಿಗೆ ವಿಷಯ ಸಿಕ್ಕಿಬಿಟ್ಟಿತು ಅನ್ನಿಸುತ್ತದೆ. ಕಣ್ಣು ಮುಂದಿನ ಸಾಲಿಗೆ ಜಾರುತ್ತದೆ. ಕೊನೆಯ 'ಲ್ಲ' ಒಂದೇ ಇಡೀ ವಾಕ್ಯವನ್ನು ತಲೆಕೆಳಗು ಮಾಡಿದ್ದು ಕಾಣುವುದೇ ಇಲ್ಲ.

ನನ್ನ ಹತ್ತಿರ ಬಂದ ಒಬ್ಬ ಹುಡುಗ ಇಂಥದ್ದೇ ವಾಕ್ಯ ಓದಿ ಎಸ್ಸೆಸ್ಸೆಲ್ಸಿ ಮೂಲ ಮಾರ್ಕ್ಸ್ ಕಾರ್ಡನ್ನೇ ಸ್ಪೀಡ್ ಪೋಸ್ಟ್ ಮಾಡಿದ್ದ. ನಕಲು ಪ್ರತಿ ತೆಗೆಸಲು ಆಮೇಲೆ ಎಷ್ಟು ಓಡಾಡಿದ ಎಂದು ಕೇಳಬೇಡಿ. ಎಂಎ ಆದ ಹುಡುಗ, ಅದೂ ಕನ್ನಡದಲ್ಲಿ.

ತಪ್ಪು ಯಾವಾಗಲೂ ಓದುವವರದ್ದೇನಾ?

ಅಲ್ಲ. ಇದನ್ನು ನನ್ನ ವಿದ್ಯಾರ್ಥಿಗಳು ಸಿಟ್ಟಿನಿಂದಲೇ ಕೇಳುತ್ತಾರೆ, ಸಿಟ್ಟು ನ್ಯಾಯವಾದದ್ದು.

2024ರ ಆಗಸ್ಟ್ 27ರಂದು ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಗಳ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಗಲಾಟೆ ಎದ್ದಿತು, ಸರ್ಕಾರ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು, ಅನುವಾದದ ಬಗ್ಗೆ ಮತ್ತೆ ಅದೇ ದೂರು ಬಂತು. ಇಂಗ್ಲಿಷ್ ವಾಕ್ಯದ ಮೂಳೆಗೆ ಕನ್ನಡ ಪದಗಳ ಚರ್ಮ ಹೊದಿಸಿ, 'ಓದಿ ಅರ್ಥ ಮಾಡಿಕೊಳ್ಳಿ' ಅಂದರೆ ಯಾರಿಗೆ ಅರ್ಥವಾಗುತ್ತದೆ?

ಅದಕ್ಕೇ ನನ್ನ ತರಗತಿಯಲ್ಲಿ ಒಂದು ಕಟ್ಟುಪಾಡು ಇದೆ. ಅರ್ಥವಾಗದಿದ್ದರೆ "ನನಗೆ ಬರಲ್ಲ" ಅನ್ನಬಾರದು. ಯಾವ ಪದದ ಹತ್ತಿರ ದಾರಿ ತಪ್ಪಿತು ಎಂದು ಬೆರಳಿಟ್ಟು ತೋರಿಸಬೇಕು. ಎಷ್ಟೋ ಸಲ ಬೆರಳು ಬರೆದವನ ತಪ್ಪಿನ ಮೇಲೇ ಇರುತ್ತದೆ. ಅದನ್ನು ಹಿಡಿದವನಿಗೆ ಓದು ಬರುತ್ತಿದೆ ಎಂದೇ ಲೆಕ್ಕ.

ಎಲ್ಲ ಮೊಬೈಲ್‌ನಿಂದ ಹಾಳಾಯ್ತು ಅಂತಾರೆ ನಮ್ಮಪ್ಪ. ನಿಜಾನಾ?

ಅರ್ಧ ನಿಜ. 54 ಅಧ್ಯಯನಗಳನ್ನು, ಒಟ್ಟು 1 ಲಕ್ಷದ 70 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿದ ಒಂದು ಲೆಕ್ಕಾಚಾರ 2018ರಲ್ಲಿ ಬಂತು. ಅದೇ ಬರಹವನ್ನು ಕಾಗದದಲ್ಲಿ ಓದಿದವರಿಗೆ ಪರದೆಯಲ್ಲಿ ಓದಿದವರಿಗಿಂತ ಸ್ವಲ್ಪ ಹೆಚ್ಚು ಅರ್ಥವಾಗಿತ್ತು. ಕಥೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾಹಿತಿಯ ಬರಹದಲ್ಲಿ, ಅದೂ ಗಡಿಯಾರ ನೋಡಿಕೊಂಡು ಓದುವಾಗ, ಕಂಡಿತು. ನೀವು ಪಿಡಿಎಫ್ ಓದುವುದು ಹಾಗೇ ಅಲ್ವಾ?

ಆದರೆ ಅಮೆರಿಕದ ಆ 31ರ ಲೆಕ್ಕ 2003ರದ್ದು. ಆಗ ಐಫೋನ್ ಹುಟ್ಟಿಯೇ ಇರಲಿಲ್ಲ. ನಾನು ನೋಟ್ಸ್ ಬರೆಸುತ್ತಿದ್ದ ಮೊದಲ ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳ ಕೈಯಲ್ಲಿ ಇದ್ದದ್ದು ಗುಂಡಿ ಒತ್ತುವ ಫೋನು. ಮೊಬೈಲ್ ಬಂದು ಹಾಳುಮಾಡುವುದಕ್ಕೆ ಅಲ್ಲಿ ಮೊದಲು ಓದು ಎಂಬುದು ಇರಬೇಕಿತ್ತಲ್ಲ.

ಕ್ರಿಕೆಟ್ ಸುದ್ದಿ ಚೆನ್ನಾಗಿ ಅರ್ಥ ಆಗುತ್ತೆ, ಬಜೆಟ್ ಸುದ್ದಿ ಆಗಲ್ಲ. ಯಾಕೆ?

ಕ್ರಿಕೆಟ್ ನಿಮಗೆ ಗೊತ್ತು, ಅದಕ್ಕೆ. 1988ರಲ್ಲಿ ಅಮೆರಿಕದ ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ಬರಹ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. "ಕೊನೇ ಓವರಿನಲ್ಲಿ ಹನ್ನೆರಡು ಬೇಕಿತ್ತು, ಮೊದಲ ಎರಡು ಎಸೆತ ಡಾಟ್" ಅಂದರೆ ನಿಮ್ಮ ಎದೆ ತಾನಾಗೇ ಹೊಡೆದುಕೊಳ್ಳುತ್ತದೆ. ಒತ್ತಡ ಹೆಚ್ಚಾಯಿತು ಎಂದು ಬರೆದವರು ಹೇಳಬೇಕಾಗಿಲ್ಲ. 'ವಿತ್ತೀಯ ಕೊರತೆ' ಅಂದಾಗ ಹಾಗೆ ಏನೂ ಹೊಡೆದುಕೊಳ್ಳುವುದಿಲ್ಲ.

ಹಾಗಾಗಿ ಬಜೆಟ್ ಅರ್ಥವಾಗಬೇಕಾದರೆ ಒಂದೇ ವಿಷಯವನ್ನು ಹದಿನೈದು ದಿನ ಬೆನ್ನು ಹತ್ತಿ. ಮೊದಲ ಮೂರು ದಿನ ನರಕ. ಆಮೇಲೆ ಅವೇ ಪದಗಳು, ಅವೇ ಹೆಸರುಗಳು.

ಸ್ಪೀಡ್ ರೀಡಿಂಗ್ ಕೋರ್ಸ್ ಸೇರಲಾ?

ಬೇಡ. ದಾರಿ ತಪ್ಪಿದವನು ಬೈಕಿನ ವೇಗ ಹೆಚ್ಚಿಸಿದರೆ ಇನ್ನೂ ದೂರ ತಪ್ಪುತ್ತಾನೆ.

ಹೈಲೈಟರ್ ಹಾಕಿಕೊಂಡು ಓದುತ್ತೇನೆ. ಒಳ್ಳೇದಲ್ವಾ?

ಪುಸ್ತಕ ಚೆನ್ನಾಗಿ ಕಾಣುತ್ತದೆ. ಕಲಿಯುವ ಹತ್ತು ವಿಧಾನಗಳನ್ನು ತೂಗಿ ನೋಡಿದ 2013ರ ಒಂದು ಹೆಸರಾಂತ ವಿಮರ್ಶೆಯಲ್ಲಿ ಗೆರೆ ಎಳೆಯುವುದು, ಬಣ್ಣ ಬಳಿಯುವುದು ಕಡಿಮೆ ಪ್ರಯೋಜನದ ಸಾಲಿನಲ್ಲಿ ನಿಂತವು. ಸುಮ್ನೆ ಮತ್ತೆ ಮತ್ತೆ ಓದುವುದೂ ಅಲ್ಲೇ. ಪುಸ್ತಕ ಮುಚ್ಚಿ ತನ್ನನ್ನು ತಾನೇ ಪ್ರಶ್ನೆ ಕೇಳಿಕೊಳ್ಳುವುದು ಮೇಲಿನ ಸಾಲಿನಲ್ಲಿತ್ತು.

ಸರಿ, ಈಗ ನಾನೇನು ಮಾಡಬೇಕು? ವಯಸ್ಸು 24 ಆಯ್ತು.

ದಿನಕ್ಕೆ ಒಂದು ಪುಟ. ಒಂದೇ. ಕಾಗದದ ಮೇಲೆ ಇರಲಿ.

ಮನಸ್ಸಿನಲ್ಲೇ ಒಮ್ಮೆ ಓದಿ. ಗಟ್ಟಿಯಾಗಿ ಬೇಡ, ಗಟ್ಟಿಯಾಗಿ ಓದಿದರೆ ನಿಮ್ಮ ನಾಲಿಗೆ ನಿಮ್ಮನ್ನೇ ಮೋಸ ಮಾಡುತ್ತದೆ. ಓದಿ ಪುಟ ಬೋರಲು ಹಾಕಿ. ಈಗ ಅದರಲ್ಲಿ ಏನಿತ್ತು ಎಂದು ಮೂರು ವಾಕ್ಯದಲ್ಲಿ ಹೇಳಿ, ಮನೆಮಾತಿನಲ್ಲಿ. ಅಮ್ಮನಿಗೆ ಹೇಳುವ ಹಾಗೆ. ಪುಟದಲ್ಲಿದ್ದ ದೊಡ್ಡ ಪದ ಬಳಸಬಾರದು. "ಅದೇ... ಅದೇನೋ ಅಂದ್ರೆ..." ಎಂದು ತಡವರಿಸಿದ ಜಾಗ ಇದೆಯಲ್ಲ, ಅಲ್ಲೇ ನೀವು ಓದಿಲ್ಲ. ಪುಟ ತಿರುಗಿಸಿ ಆ ಜಾಗಕ್ಕೆ ಮಾತ್ರ ಹೋಗಿ.

ಎರಡನೇ ಸಲ ಪೆನ್ಸಿಲ್ ಹಿಡಿಯಿರಿ. ಗುಂಡು ಸುತ್ತಬೇಕಾದದ್ದು ಇಂಥ ಪದಗಳಿಗೆ: ಆದರೂ, ಹೊರತು, ಬದಲಿಗೆ, ಮಾತ್ರ, ಹಾಗಾಗಿ, ಎಂದಮಾತ್ರಕ್ಕೆ. ಇಂಗ್ಲಿಷಾದರೆ ಹೌಎವರ್, ಅನ್‌ಲೆಸ್, ಎಕ್ಸೆಪ್ಟ್, ವಿಚೆವರ್ ಈಸ್ ಅರ್ಲಿಯರ್. ಬಸ್ಸು ತಿರುವು ತೆಗೆದುಕೊಳ್ಳುವುದು ಇಲ್ಲೇ. ನಾಮಪದಗಳಿಗೆ ಗೆರೆ ಎಳೆಯಬೇಡಿ, ಅವು ತಾವಾಗೇ ಕಾಣುತ್ತವೆ.

ಜೊತೆಗೊಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಗಮಕದ ಹಾಗೆ ಒಬ್ಬರು ಓದಿ, ಒಬ್ಬರು ಅರ್ಥ ಹೇಳಿ, ಮರುದಿನ ಅದಲು ಬದಲು. ನನ್ನ ಬ್ಯಾಚುಗಳಲ್ಲಿ ಬೇಗ ಸುಧಾರಿಸಿದವರು ಹೀಗೆ ಜೋಡಿಯಾಗಿ ಜಗಳವಾಡುತ್ತಾ ಓದಿದವರು.

ಗೊತ್ತಿಲ್ಲದ ಪದಕ್ಕೆ ನಿಘಂಟು. 'ಅಲರ್' ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇದೆ, ಸುಮಾರು ಒಂದೂವರೆ ಲಕ್ಷ ಪದ. ಆದರೆ ಪುಟಕ್ಕೆ ಹತ್ತಕ್ಕಿಂತ ಹೆಚ್ಚು ಸಲ ತೆರೆಯಬೇಕಾಗಿ ಬಂದರೆ ಆ ಪುಸ್ತಕ ನಿಮಗೆ ಇನ್ನೂ ಜಾಸ್ತಿ. ಬದಲಿಸಿ, ನಾಚಿಕೆ ಬೇಡ.

ಏನು ಓದಲಿ?

ನಿಮಗೆ ಮೊದಲೇ ಸ್ವಲ್ಪ ಗೊತ್ತಿರುವ ವಿಷಯ. ರೈತರ ಮನೆಯವರಾದರೆ ಕೃಷಿ ಪುಟ, ಸಿನಿಮಾ ಹುಚ್ಚಿದ್ದರೆ ಸಿನಿಮಾ ಪುಟ. ಎರಡನೇ ತಿಂಗಳಿಂದ ಸಂಪಾದಕೀಯ. ದುಡ್ಡು ಖರ್ಚು ಮಾಡಬೇಕಾಗಿಲ್ಲ. ರಾಜ್ಯದಲ್ಲಿ 5 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ 'ಅರಿವು ಕೇಂದ್ರ' ಎಂಬ ಹೆಸರು. ಊರಿಗೆ ಹೋದಾಗ ಒಮ್ಮೆ ಬಾಗಿಲು ತೆರೆದಿದೆಯಾ ನೋಡಿ. ಅಲ್ಲಿ ಕೂತು ಪ್ರಶ್ನೋತ್ತರದ ಮ್ಯಾಗಜೀನ್ ತಿರುವಬೇಡಿ, ಅಷ್ಟೇ ನನ್ನ ಕೋರಿಕೆ.

ಚಾಟ್‌ಜಿಪಿಟಿಗೆ ಹಾಕಿದರೆ ಎರಡು ನಿಮಿಷದಲ್ಲಿ ಸಾರಾಂಶ ಕೊಡುತ್ತೆ. ಇಷ್ಟೆಲ್ಲ ಯಾಕೆ?

ಅದು ನಿಮ್ಮ ಹೊಸ ಜೆರಾಕ್ಸ್ ಅಂಗಡಿ. ನಾನೂ ಬಳಸುತ್ತೇನೆ, ಬೈಯುವುದಿಲ್ಲ. ಆದರೆ ಅದು ಆ ಕೊನೆಯ 'ಲ್ಲ' ಬಿಟ್ಟು ಸಾರಾಂಶ ಕೊಟ್ಟರೆ ನಿಮಗೆ ಗೊತ್ತಾಗುತ್ತಾ? ಒಮ್ಮೆ ಉಲ್ಟಾ ಮಾಡಿ ನೋಡಿ. ಮೊದಲು ನಿಮ್ಮ ಮೂರು ವಾಕ್ಯ ಬರೆದುಕೊಂಡು, ಆಮೇಲೆ ಅದರದ್ದನ್ನು ಓದಿ, ಯಾರದ್ದು ಸರಿ ಎಂದು ಪುಟ ನೋಡಿ ತೀರ್ಮಾನಿಸಿ. ಒಳ್ಳೇ ಜೊತೆಗಾರ ಆಗುತ್ತದೆ.

ಕೆಲಸಕ್ಕೆ ತೆಗೆದುಕೊಂಡ ಹುಡುಗರು ಇಮೇಲ್ ಸರಿಯಾಗಿ ಓದಲ್ಲ. ನಾಲ್ಕು ಕೇಳಿದರೆ ಒಂದಕ್ಕೆ ಉತ್ತರ ಬರುತ್ತೆ. ಏನು ಮಾಡಲಿ?

ಬೈಯುವ ಮೊದಲು ನಿಮ್ಮ ಇಮೇಲ್ ಒಮ್ಮೆ ನೀವೇ ಓದಿ. ನಾಲ್ಕು ಪ್ರಶ್ನೆ ಒಂದೇ ಪ್ಯಾರಾದಲ್ಲಿ ತುರುಕಿದ್ದರೆ ಬಿಡಿಸಿ ಬರೆಯಿರಿ. ಆಮೇಲೆ "ಅರ್ಥ ಆಯ್ತಾ?" ಎಂದು ಕೇಳಬೇಡಿ. ನಮ್ಮಲ್ಲಿ ಆ ಪ್ರಶ್ನೆಗೆ "ಆಯ್ತು ಸರ್" ಬಿಟ್ಟು ಬೇರೆ ಉತ್ತರವೇ ಇಲ್ಲ. ಒಂದನೇ ತರಗತಿಯಿಂದ ಹಾಗೇ ಹೇಳಿಕೊಂಡು ಬಂದಿದ್ದೇವೆ. "ಏನು ಮಾಡ್ತೀಯ ಹೇಳು" ಎಂದು ಕೇಳಿ.

ನಾನು ಉಪನ್ಯಾಸಕಿ. ಸಿಲಬಸ್ ಮುಗಿಸೋದೇ ಕಷ್ಟ, ಓದಿಸೋದು ಎಲ್ಲಿಂದ?

ವಾರಕ್ಕೆ ಹದಿನೈದು ನಿಮಿಷ ಕದಿಯಿರಿ ಮೇಡಂ. ಪಠ್ಯದ ಅರ್ಧ ಪುಟ, ಎಲ್ಲರೂ ಮೌನವಾಗಿ ಓದಬೇಕು. ನೀವು ವಿವರಿಸಬಾರದು, ಇದೇ ಎಲ್ಲಕ್ಕಿಂತ ಕಷ್ಟ. ನನ್ನ ಬಾಯಿ ಮುಚ್ಚಿಸಲು ನನಗೆ ಎರಡು ಸೆಮಿಸ್ಟರ್ ಬೇಕಾಯಿತು. ಆಮೇಲೆ ಪುಟದಲ್ಲಿ ನೇರವಾಗಿ ಬರೆದಿಲ್ಲದ ಒಂದು ಪ್ರಶ್ನೆ ಕೇಳಿ. ಇಂಟರ್ನಲ್ಸ್‌ನಲ್ಲಿ ಅಂಥದಕ್ಕೆ ಎರಡು ಅಂಕ ಇಟ್ಟರೆ ಎಲ್ಲರೂ ಎಚ್ಚರಾಗುತ್ತಾರೆ.

ಎಷ್ಟು ಓದಿದರೂ ಅಕ್ಷರಗಳೇ ಜಾರುತ್ತವೆ, ಸಾಲು ತಪ್ಪುತ್ತದೆ. ಇದೂ ಅದೇನಾ?

ಬೇರೆ ಇರಬಹುದು. ಮೊದಲು ಕಣ್ಣು ತೋರಿಸಿ. ಕಣ್ಣು ಸರಿಯಿದ್ದರೆ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆ ಇದೆಯಾ ಎಂದು ಪರೀಕ್ಷೆ ಮಾಡಿಸಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ದಡ್ಡ ಎಂದು ಬೈಸಿಕೊಂಡೇ ಡಿಗ್ರಿ ಮುಗಿಸಿದವರನ್ನು ನಾನು ನೋಡಿದ್ದೇನೆ. ಅವರು ಉಳಿದವರಿಗಿಂತ ಎರಡು ಪಟ್ಟು ದುಡಿದು ಪಾಸಾದವರು.

ನಿಮಗೆ ಓದಿದ್ದೆಲ್ಲ ಅರ್ಥ ಆಗುತ್ತಾ ಸರ್?

ಇಲ್ಲ. ಅಮ್ಮನಿಗೆ 3 ಲಕ್ಷದ ಆರೋಗ್ಯ ವಿಮೆ ಮಾಡಿಸಿದ್ದೆ. ಪಾಲಿಸಿ ಓದಿ, ಪ್ರತಿ ಪುಟಕ್ಕೂ ಸಹಿ ಹಾಕಿದ್ದೆ. ರೂಮಿನ ಬಾಡಿಗೆಗೆ ವಿಮೆಯ ಮೊತ್ತದ ನೂರಕ್ಕೆ 1ರ ಮಿತಿ, ಅಂದರೆ ದಿನಕ್ಕೆ 3 ಸಾವಿರ. ಅಷ್ಟು ಅರ್ಥವಾಗಿತ್ತು. ಆಪರೇಷನ್ ಆದಾಗ 5 ಸಾವಿರದ ರೂಮು ತೆಗೆದುಕೊಂಡೆ. ಹೆಚ್ಚಾದ 2 ಸಾವಿರ ಕೈಯಿಂದ ಕೊಟ್ಟರಾಯಿತು ಅಂದುಕೊಂಡಿದ್ದೆ. ಬಿಲ್ ಬಂದಾಗ ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರಲ್ಲೂ ಐದರಲ್ಲಿ ಎರಡು ಪಾಲು ಕತ್ತರಿಸಿದ್ದರು. "ಇತರ ವೆಚ್ಚಗಳನ್ನೂ ಅದೇ ಅನುಪಾತದಲ್ಲಿ" ಎಂಬ ಸಾಲು ಏಳನೇ ಪುಟದಲ್ಲಿತ್ತು, ಕೆಳಗೆ ನನ್ನದೇ ಸಹಿ.

ಆ ಪುಟದ ಜೆರಾಕ್ಸ್ ಈಗ ತರಗತಿಯಲ್ಲಿ ಓದಿಸುತ್ತೇನೆ. ಮೊದಲೇ ಏನೂ ಹೇಳುವುದಿಲ್ಲ. 'ಅನುಪಾತ' ಎಂಬ ಪದದ ಹತ್ತಿರ ಎಷ್ಟು ಪೆನ್ಸಿಲ್ ನಿಲ್ಲುತ್ತವೆ ಎಂದು ನೋಡುತ್ತಾ ಕೂರುತ್ತೇನೆ. ಹೋದ ಬ್ಯಾಚಿನ ಇಪ್ಪತ್ತೆರಡು ಜನರಲ್ಲಿ ಇಬ್ಬರು ನಿಂತರು.